ಬ್ಯೂರೆಟ್ ಮುಂದೆ ಬಗ್ಗದ ಮಂಡಿ

ಮೊನ್ನೆ ಲ್ಯಾಬಿನಲ್ಲಿ ಹದಿನೆಂಟು ಮಕ್ಕಳ ರೀಡಿಂಗೂ ತಪ್ಪು ಬಂತು. ಅದೂ ಎಲ್ಲರದ್ದೂ ಒಂದೇ ತಪ್ಪು! ಕಾಪಿ ಹೊಡೆದರೇ? ಹೊಡೆದಿದ್ದರು. ಯಾರನ್ನು ನೋಡಿ ಅಂತೀರಿ? ನನ್ನನ್ನು.

ಕತೆ ಶುರುವಾಗಿದ್ದು ಮತ್ತಿಘಟ್ಟದ ಒಂದು ಉಪನಯನದ ಊಟದಲ್ಲಿ. "ಬಾರೇ ಅಕ್ಕಯ್ಯ, ಟೇಬಲ್ಲಿಗೆ ಕೂತ್ಗ" ಎಂದಳು ಚಿಕ್ಕಮ್ಮನ ಮಗಳು. "ಎಂಗೆಂತಾಯ್ದು? ಆನು ಕೆಳಗೇ ಕೂರ್ತೆ" ಎಂದೆ, ನನಗೇನಾಗಿದೆ ಎಂಬ ಗತ್ತಿನಲ್ಲಿ. ಟೇಬಲ್ಲಿನ ಸಾಲು ಮಂಡಿ ಹೋದವರದ್ದು. ನನಗಿನ್ನೂ ಐವತ್ತೆರಡು (ಮಾತ್ರ!). ಸಾರು ಬರುವ ಹೊತ್ತಿಗೇ ಎಡ ಮಂಡಿ ಚುರುಗುಟ್ಟತೊಡಗಿತು. ಆದರೆ ಪಂಕ್ತಿಯಲ್ಲಿ ಎಲ್ಲರ ಊಟ ಮುಗಿಯದೆ ಏಳುವಂತಿಲ್ಲವಲ್ಲ? ಪಕ್ಕದ ಅಜ್ಜಿ ಮೂರನೇ ಸಲ ಮಜ್ಜಿಗೆ ಹಾಕಿಸಿಕೊಂಡರು. ಕೊನೆಗೆ ಅವಸರದಲ್ಲಿ ಮೈ ತಿರುಚಿ ಎದ್ದೆ. ಕಟಕ್!

ಶಿರಸಿಯ ಡಾಕ್ಟರು ಸ್ಕ್ಯಾನ್ ನೋಡಿ, "ಮೆನಿಸ್ಕಸ್ ಸ್ವಲ್ಪ ಹರಿದಿದೆ. ಆಪರೇಷನ್ ಬೇಡ. ಸದ್ಯ ಮಂಡಿ ಬಗ್ಗಿಸಿ ಭಾರ ಹಾಕಬೇಡಿ" ಎಂದರು. ನನಗೆ ನಗು ಬಂತು. ಗಾಜಿನ ಕೊಳವೆಯೊಳಗೆ ನೀರಿನ ಮೇಲ್ಮೈ ನಡುವೆ ತಗ್ಗಿ ನಿಲ್ಲುತ್ತದಲ್ಲ, ಆ ಬಾಗಿಗೂ ಮೆನಿಸ್ಕಸ್ ಎಂದೇ ಹೆಸರು. ಇಪ್ಪತ್ತನಾಲ್ಕು ವರ್ಷದಿಂದ ಪಿಯು ಮಕ್ಕಳಿಗೆ ಅದನ್ನೇ ಪಾಠ ಮಾಡುತ್ತಿದ್ದೇನೆ. ಅದೇ ಹೆಸರಿನ ಅರ್ಧಚಂದ್ರದಂಥ ಮೆತ್ತೆಗಳು ನನ್ನ ಒಂದೊಂದು ಮಂಡಿಯಲ್ಲೂ ಎರಡೆರಡಿವೆ ಎಂದು ಗೊತ್ತೇ ಇರಲಿಲ್ಲ!

ಲ್ಯಾಬಿನಲ್ಲಿ ನನ್ನದು ಒಂದೇ ಮಂತ್ರ. ಬಾಗಿನ ತಳಕ್ಕೆ ಕಣ್ಣು ಸಮ ಇರಲಿ, ಮಂಡಿ ಬಗ್ಗಿಸಿ ನೋಡಿ. ಮೊನ್ನೆಯೂ ಅದನ್ನೇ ಹೇಳಿದೆ. ಆದರೆ ಬ್ಯೂರೆಟ್ಟಿನ ಉದ್ದ ಗಾಜಿನ ಕೊಳವೆಯಲ್ಲಿ ದ್ರವ ಕೆಳಗಿಳಿದಾಗ ನಾನು ನಿಂತಲ್ಲಿಂದಲೇ ನೋಡಿದೆ. (ನೋವಿನ ಸಂಗತಿ ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ.) ಮೇಲಿನಿಂದ ನೋಡಿದರೆ ಅಳತೆ ಕಡಿಮೆ ಕಾಣುತ್ತದೆ. ಮಕ್ಕಳೂ ಸೆಟೆದು ನಿಂತೇ ನೋಡಿದರು. ಒಬ್ಬಳಂತೂ ನನ್ನ ಹಾಗೇ ಎಡ ಮಂಡಿ ಹಿಡಿದುಕೊಂಡಿದ್ದಳು!

"ಬಗ್ಗಿ ನೋಡಿ ಅಂದಿರಲಿಲ್ವ?" ಎಂದು ಗದರಿದೆ.

ಕೋಲಸಿರ್ಸಿಯಿಂದ ಬರುವ ಕಾವ್ಯ ಮೆಲ್ಲಗೆ, "ನೀವು ನಿಂತೇ ನೋಡಿದ್ರಿ ಮೇಡಂ. ಹಾಗೇ ನೋಡ್ಬೇಕೇನೋ ಅಂದ್ಕಂಡ್ವಿ" ಎಂದಳು.

ಮುಂದಿನ ವಾರ ಪ್ರಾಕ್ಟಿಕಲ್ ಪರೀಕ್ಷೆ. ನನ್ನ ಜಂಬಕ್ಕೆ ಇವರ ಮಾರ್ಕ್ಸು ಹೋಗಬೇಕೇ? ನಾಚಿಕೆಯಾಯಿತು. ಮಂಡಿ ನೋವು ಎಂದು ಬಾಯಿಬಿಟ್ಟು ಹೇಳಿದೆ. ಕಾವ್ಯ ತಕ್ಷಣ ಒಂದು ಸ್ಟೂಲ್ ಎಳೆದು ತಂದಳು. ಲ್ಯಾಬಿನಲ್ಲಿ ಕೂತವಳೇ ಅಲ್ಲ ನಾನು. ಕೂತೆ. ಆಹಾ! ಬಾಗಿನ ತಳ ಸರಿಯಾಗಿ ಕಣ್ಣಿನ ಮಟ್ಟಕ್ಕಿತ್ತು. ಮಕ್ಕಳು ಮಂಡಿ ಬಗ್ಗಿಸಿ ಸುತ್ತ ಸೇರಿದರು. ಈ ಸಲ ಎಲ್ಲರ ರೀಡಿಂಗೂ ಸರಿ ಬಂತು. ಎಷ್ಟು ಖುಷಿಯಾಯಿತೆಂದರೆ ಪೀರಿಯಡ್ ಮುಗಿದರೂ ಸ್ಟೂಲು ಬಿಡಲಿಲ್ಲ.

ಬರುವ ಭಾನುವಾರ ಉಮ್ಮಚಗಿಯಲ್ಲಿ ಊಟವಿದೆ. ಟೇಬಲ್ಲಿನಲ್ಲಿ ನನಗೂ ಜಾಗ ಹಿಡಿದಿಡು ಎಂದು ಚಿಕ್ಕಮ್ಮನ ಮಗಳಿಗೆ ಫೋನ್ ಮಾಡಿದ್ದೂ ಆಯಿತು. ಇಷ್ಟು ವರ್ಷ ಊರ ಮಕ್ಕಳಿಗೆಲ್ಲ ಬಗ್ಗುವುದನ್ನು ಕಲಿಸಿದವಳು ತಾನೊಂದು ಚೂರು ಬಗ್ಗಲು ಮಂಡಿಯೇ ಹರಿಯಬೇಕಿತ್ತೇ?