ಹುಲಗೆಮ್ಮನ ಶೀಗಿ ಹುಣ್ಣಿಮೆಯ ಕಡುಬು

ಇರಕಲ್ಲಗಡದಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಯಾರ ಮನೆಯಲ್ಲಿ ಏನು ಬೇಯುತ್ತದೆ ಎಂಬುದು ಊರಲ್ಲಿ ನನ್ನಷ್ಟು ಇನ್ಯಾರಿಗೂ ಗೊತ್ತಾಗುವುದಿಲ್ಲ. ಪಕ್ಕದ ಮನೆಯ ಹುಲಗೆಮ್ಮ ಗೋಧಿ ತರುವುದನ್ನು ಬಿಟ್ಟು ಬರೀ ಜೋಳ, ನವಣೆ ತರತೊಡಗಿದಾಗ ಏನೋ ಆಗಿದೆ ಅಂದುಕೊಂಡೆ. ಕೇಳಿಯೂ ಬಿಟ್ಟೆ. ನನ್ನ ಬಾಯಿ ಸುಮ್ಮನಿರುವ ಪೈಕಿ ಅಲ್ಲ.

"ನಿಮ್ಮ ದೋಸ್ತರಿಗೆ ಶುಗರ್ ಅಂತರಿ ಅಣ್ಣಾ. ಕಾಲಾನ ಗಾಯ ಮಾಯವಲ್ದು. ಹಿಂಗ ಬಿಟ್ರ ಬೆರಳ ತಗೀಬೇಕಾಗ್ತೈತಿ ಅಂದ್ರು ಡಾಕ್ಟರು," ಅಂದಳು. ಜೋಳದ ಪುಟ್ಟಿಯನ್ನು ನನ್ನ ಮುಂದಿಟ್ಟಳು.

ದೋಸ್ತ ಅಂದರೆ ಅವಳ ಗಂಡ ಗಾದಿಲಿಂಗಪ್ಪ. ಗಿಣಿಗೇರಾದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಸಿಹಿ ಎಂದರೆ ಪ್ರಾಣ ಬಿಡುವ ಮನುಷ್ಯ. ಊಟವಾದ ಮೇಲೆ ಬೆಲ್ಲದ ಹೆಂಟೆಯೊಂದು ಬಾಯಿಗೆ ಬೀಳದಿದ್ದರೆ ಎಲೆಯಡಿಕೆಗೂ ಕೈ ಹಾಕುತ್ತಿರಲಿಲ್ಲ.

ಅವತ್ತಿನಿಂದ ಆ ಮನೆಯಲ್ಲಿ ಬೆಲ್ಲ ಕಾಣೆಯಾಯಿತು. ಹುಲಗೆಮ್ಮ ಓದಿದವಳಲ್ಲ, ಆದರೆ ಹಟ ಹಿಡಿದರೆ ಜಗ್ಗುವವಳೂ ಅಲ್ಲ. ಎಣ್ಣೆ ಕಡಿಮೆ ಮಾಡಿದಳು. ಹಿತ್ತಲಿನ ಕುಂಬಳಬಳ್ಳಿಯೇ ಅವಳ ಆಸರೆ. ಹೋಳುಗಳನ್ನು ಹಬೆಯಲ್ಲಿ ಬೇಯಿಸಿ ಗುರೆಳ್ಳು ಪುಡಿ ಉದುರಿಸುತ್ತಿದ್ದಳು. ತುರಿಯನ್ನು ಜೋಳದ ಹಿಟ್ಟಿಗೆ ಕಲಸಿ ರೊಟ್ಟಿ ಬಡಿಯುತ್ತಿದ್ದಳು. ಎಳೆಯ ಎಲೆ, ಹೂವು ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ. ಬೀಜ ಒಣಗಿಸಿ ಹುರಿದು ಗಂಡನ ಕಿಸೆಗೆ ತುಂಬಿ ಕಳಿಸುತ್ತಿದ್ದಳು. ಗೆಳೆಯರು ಚಹಾದ ಜೊತೆ ಭಜಿ ತಿನ್ನುವಾಗ ಇವನು ಕುಂಬಳಬೀಜ ಕಡಿಯುತ್ತ ಕೂರಬೇಕು. "ನನ್ನ ಹೇಣ್ತಿ ನನ್ನ ಗಿಣಿ ಮಾಡ್ಯಾಳ ನೋಡ್ರಿ," ಎಂದು ಎಲ್ಲರನ್ನೂ ನಗಿಸುತ್ತಿದ್ದ.

ನಮ್ಮ ಕಡೆ ಇಡೀ ಕುಂಬಳಕಾಯಿಗೆ ಹೆಣ್ಣುಮಕ್ಕಳು ಮೊದಲು ಕೈ ಹಚ್ಚುವುದಿಲ್ಲ. ಅದು ಮನೆಯ ಹಿರೇಮಗ ಇದ್ದಂತೆ, ತಾಯಿಯಾದವಳು ಅದಕ್ಕೆ ಕುಡಗೋಲು ಹಾಕಬಾರದು ಎನ್ನುತ್ತಾರೆ. ಗಂಡಸು ಮೊದಲ ಪೆಟ್ಟು ಹಾಕಿಕೊಟ್ಟರೆ ಮುಂದಿನದು ಹೆಂಗಸರದು. ಆ ಗಂಡಹೆಂಡಿರಿಗೆ ಮಕ್ಕಳಿಲ್ಲ. ಗಾದಿಲಿಂಗಪ್ಪ ಪ್ರತಿ ಸಲ ಕಾಯಿಯನ್ನು ತೊಡೆಯ ಮೇಲಿಟ್ಟು ಸವರಿ, "ತಪ್ಪಾತಪಾ ಹಿರೇಮಗನ, ನಿಮ್ಮವ್ವ ಬಿಡವಲ್ಲಳು," ಎಂದು ಪೆಟ್ಟು ಹಾಕುತ್ತಿದ್ದ. ಹುಲಗೆಮ್ಮ ನಗುತ್ತಿದ್ದಳು. ಆ ನಗು ನನಗೆ ನೋಡಲಾಗುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಮಾತ್ರ ಅವನು ರಂಪ ಮಾಡುತ್ತಿದ್ದ. ಶೀಗಿ ಹುಣ್ಣಿಮೆಗೆ ಊರವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬುತ್ತಿಯ ಒಂದಿಷ್ಟನ್ನು ಭೂಮಿತಾಯಿಗೆಂದು ಬೆಳೆಗೆ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತೇವೆ. ಎಲ್ಲರ ಬುತ್ತಿಯಲ್ಲೂ ಬೆಲ್ಲ ಹಾಕಿದ ಕುಂಬಳಕಾಯಿ ಕಡುಬು. ಅವನ ಬುತ್ತಿಯಲ್ಲಿ ಮಾತ್ರ ಜೋಳದ ಹಿಟ್ಟಿನ ಕಡುಬು. ಒಳಗೆ ಕುಂಬಳ, ಎಳ್ಳು, ಶೇಂಗಾ ಪುಡಿ, ಚಿಟಿಕೆ ಉಪ್ಪು. "ಇದು ಕಡುಬಲ್ಲ, ಕಡುಬಿನ ಹೆಣ," ಎಂದು ಮುಖ ಸಿಂಡರಿಸುತ್ತಿದ್ದ. ಅವಳದು ಒಂದೇ ಮಾತು: "ಬರೋ ವರ್ಷ ಮಾಡ್ತೀನಂತ, ಈಗ ಉಣ್ರಿ."

ಅವಳ ಹಟವೇ ಗೆದ್ದಿತು. ಗಾಯ ಮಾಯಿತು, ಬೆರಳು ಉಳಿಯಿತು. ಹೋದ ಆಷಾಢದಲ್ಲಿ ರಕ್ತ ಪರೀಕ್ಷೆ ಮುಗಿಸಿಕೊಂಡು ಕೊಪ್ಪಳದಿಂದ ಬಂದವಳು ಮನೆಗೂ ಹೋಗದೆ ಗಿರಣಿಗೇ ಬಂದಳು. "ಶುಗರ್ ಇಳದೈತ್ರಿ ಅಣ್ಣಾ! ಹಬ್ಬಕ್ಕ ಒಂದೆರಡು ಸಿಹಿ ತಿಂದ್ರ ಏನೂ ಆಗಂಗಿಲ್ಲ ಅಂದಾರ. ಈ ಶೀಗಿ ಹುಣ್ಣಿವಿಗೆ ಬೆಲ್ಲದ ಕಡುಬು ಮಾಡ್ತೀನಿ ಅಂತ ಮಾತ ಕೊಟ್ಟೀನಿ."

ಗಾದಿಲಿಂಗಪ್ಪ ಊರಿಗೆಲ್ಲ ಡಂಗುರ ಸಾರಿದ. ಬಳ್ಳಿಯಲ್ಲಿದ್ದ ದೊಡ್ಡ ಕಾಯಿಯನ್ನು ತಾನೇ ಆರಿಸಿ, ಬಲಿತ ಮೇಲೆ ತೊಟ್ಟು ಮುರಿಯದಂತೆ ಕೊಯ್ದು ಅಡುಗೆಮನೆಯ ಮೂಲೆಯಲ್ಲಿ ಸಿಂಬೆಯ ಮೇಲೆ ಕೂರಿಸಿದ. "ಇದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ, ಹುಣ್ಣಿವಿಗೆ ಬೇಕು," ಎಂದ.

ಶ್ರಾವಣ ಮುಗಿಯುವ ಹೊತ್ತಿಗೆ, ಪಾಳಿ ಮುಗಿಸಿ ಬಸ್ಸಿಗೆ ನಿಂತವನು ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ. ಅವನ ಕಿಸೆಯಲ್ಲಿ ಹುರಿದ ಬೀಜಗಳಿದ್ದವು. ಆ ಕಾಲನಿಗೆ ಕಣ್ಣಿಲ್ಲವೇ? ನನಗಂತೂ ಸಿಟ್ಟು ಇನ್ನೂ ಇಳಿದಿಲ್ಲ.

ಅವರ ಹೊಲದ ಬದುವಿನ ಬಳಿಯೇ ಮಣ್ಣು ಮಾಡಿದೆವು. ಹುಲಗೆಮ್ಮ ಮಾತು ಬಿಟ್ಟಳು. ನನ್ನ ಹೆಂಡತಿ ದುರ್ಗಾದೇವಿ ದಿನಾ ತಾಟು ಹಿಡಿದುಕೊಂಡು ಹೋಗಿ ಎರಡು ತುತ್ತು ತಿನ್ನಿಸಿ ಬರುತ್ತಿದ್ದಳು. ಕುಂಬಳಕಾಯಿ ಮೂಲೆಯಲ್ಲಿ ಕೂತೇ ಇತ್ತು.

ಹುಣ್ಣಿಮೆ ಹತ್ತಿರ ಬಂದಾಗ ಅವಳು ಗಿರಣಿಗೆ ಬಂದಳು. ಪುಟ್ಟಿಯಲ್ಲಿ ಗೋಧಿ! "ಸೂತಕದ ವರ್ಷ ಹಬ್ಬ ಮಾಡ್ತೀ ಏನವ್ವಾ?" ಎಂದು ಕೇಳಲು ಬಾಯಿ ತೆರೆದೆ. ಅವಳೇ ಅಂದಳು: "ಹಬ್ಬ ಅಲ್ರಿ ಅಣ್ಣಾ. ಮಾತ ಕೊಟ್ಟಿದ್ದೆ. ಅವ್ರ ಮಣ್ಣಿಗೆ ಎಡಿ ಇಟ್ಟು ಬರ್ತೀನಿ. ಕಾಯಿಗೆ ಮೊದಲನೇ ಪೆಟ್ಟ ನೀವು ಹಾಕಿಕೊಡ್ರಿ. ನಮ್ಮನ್ಯಾಗ ಗಂಡಸರಿಲ್ಲಲ್ಲ."

ಹೋದೆ. ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡರೆ ಕೈ ಏಳಲಿಲ್ಲ. ಅವನು ಹೇಳುತ್ತಿದ್ದ ಮಾತು ನನ್ನ ಬಾಯಿಗೆ ಬರಲಿಲ್ಲ. ಕಣ್ಣು ಮುಚ್ಚಿ ಕುಡಗೋಲು ಹಾಕಿ, ಅವಳ ಮುಖ ನೋಡದೆ ಎದ್ದು ಬಂದೆ. ದುರ್ಗಾದೇವಿ ಅಂಗಡಿಯಿಂದ ಒಳ್ಳೆಯ ಬೆಲ್ಲ ತಂದು ಕುಟ್ಟಿಕೊಟ್ಟಳು. "ಸರಿ ಅಕ್ಕಾ, ಇನ್ನ ನಾ ಒಬ್ಬಾಕಿನ ಮಾಡ್ತೀನಿ," ಎಂದು ಹುಲಗೆಮ್ಮ ಅವಳನ್ನೂ ಕಳಿಸಿದಳಂತೆ.

ಹುಣ್ಣಿಮೆಯ ದಿನ ಮಧ್ಯಾಹ್ನ ನಾವಿಬ್ಬರೂ ಅವಳ ಜೊತೆ ಹೋದೆವು. ಸುತ್ತಲಿನ ಹೊಲಗಳಲ್ಲಿ ಚರಗ ಚೆಲ್ಲುವವರ ಕೂಗು, ಮಕ್ಕಳ ಗದ್ದಲ. ಅವಳು ಎಲೆ ಹಾಸಿ, ಬಿಸಿ ಆರದ ಕಡುಬುಗಳನ್ನು ಇಟ್ಟು, ಮೇಲೆ ತುಪ್ಪ ಸುರಿದು, ಮಣ್ಣಿಗೆ ಹಣೆ ಹಚ್ಚಿದಳು. "ಬೆಲ್ಲದ್ದು ತಂದೀನ್ರಿ. ಇನ್ನ ಮುಖ ಸಿಂಡರಸಬ್ಯಾಡ್ರಿ," ಎಂದಳು. ದುರ್ಗಾದೇವಿ ಸೆರಗು ಬಾಯಿಗೆ ಒತ್ತಿಕೊಂಡಳು.

ಆಮೇಲೆ ನಮ್ಮಿಬ್ಬರಿಗೂ ಒಂದೊಂದು ಕೊಟ್ಟಳು. ನಾನು ಮುರಿದು ಬಾಯಿಗೆ ಹಾಕಿದೆ. ಎಳ್ಳು, ಶೇಂಗಾ, ಚಿಟಿಕೆ ಉಪ್ಪು. ಬೆಲ್ಲ ಇರಲಿಲ್ಲ. ಇಷ್ಟು ವರ್ಷ ಅವಳ ಕೈ ಹೂರಣ ಹೇಗೆ ಮಾಡಿತ್ತೋ ಈ ಸಲವೂ ಹಾಗೆಯೇ ಮಾಡಿಟ್ಟಿತ್ತು. ಕುಟ್ಟಿದ ಬೆಲ್ಲ ಬಟ್ಟಲಲ್ಲಿ ಮುಚ್ಚಿದಂತೆಯೇ ಒಲೆಯ ಕಟ್ಟೆಯ ಮೇಲೆ ಉಳಿದಿರಬೇಕು. ಎಂದೂ ಸುಮ್ಮನಿರದ ನಾನು ಅವತ್ತು ಬಾಯಿ ಬಿಗಿದು ಅಗಿದೆ. ಪಕ್ಕದಲ್ಲಿ ದುರ್ಗಾದೇವಿಯೂ ತಲೆ ಎತ್ತಲಿಲ್ಲ.

ಹುಲಗೆಮ್ಮ ನಮ್ಮಿಬ್ಬರನ್ನೂ ನೋಡಿದಳು. ತಾನೊಂದು ತುಂಡು ಮುರಿದು ಬಾಯಿಗಿಟ್ಟಳು. ಅಗಿಯುವುದು ನಿಂತಿತು.

"ಅಯ್ಯೋ ನನ್ನ ಕೈಗೆ ಬೆಂಕಿ ಹತ್ತಲಿ!" ಎಂದು ಮಣ್ಣಿನ ಮೇಲೆ ಬಿದ್ದು ಕೈ ಬಡಿದುಕೊಂಡಳು. "ಸತ್ತ ಮ್ಯಾಲೂ ಸಪ್ಪಂದ ಉಣಿಸಿದ್ನಲ್ರೀ ಅಣ್ಣಾ! ಈಗ ಅವ್ರಿಗೆ ಯಾವ ಶುಗರ್ ಏರತಿತ್ರಿ?"