ಹುಸೇನನ ಸಪಾಟು ಹೊಲ

ನೆಲದೊಳಗೆ ಕರೆಂಟು ಬಿಟ್ಟು ನೀರು ಹುಡುಕುವ ಹುಸೇನ ಕಲಬುರಗಿಯ ರೋಜಾ ಬಡಾವಣೆಯವನು. ಇಪ್ಪತ್ನಾಲ್ಕು ಕಬ್ಬಿಣದ ಗೂಟ, ಒಂದು ಬ್ಯಾಟರಿ, ಒಂದು ಲ್ಯಾಪ್‌ಟಾಪ್ ಅವನ ಆಸ್ತಿ. ಕರೆಂಟು ಸಲೀಸಾಗಿ ಇಳಿಯಲೆಂದು ಗೂಟದ ಬುಡಕ್ಕೆ ಉಪ್ಪುನೀರು ಹಾಕುವಾಗ ಅವನನ್ನು ನೋಡಬೇಕು. ಕೂಸಿಗೆ ಔಷಧ ಕುಡಿಸುವವನ ಹಾಗೆ ಬಗ್ಗಿರುತ್ತಾನೆ. ಎತ್ತು ಕಂಡರೆ ಮಾತ್ರ ಹೆದರಿ, ಎಲ್ಲ ಬಿಟ್ಟು ಬದುವಿನ ಮೇಲೆ ನಿಲ್ಲುತ್ತಾನೆ.

ಈ ವರ್ಷ ಅವನು ತೋರಿಸಿದ ಎರಡು ಕಡೆ ಬೋರು ಹೊಡೆದರೆ ಧೂಳು ಬಂತು. ಮೂರನೆಯದು ಕಮಲಾಪುರದಲ್ಲಿ, ನನ್ನ ತಮ್ಮ ದತ್ತಪ್ಪನ ಕೆಂಪು ಬಾಳೆಯ ತೋಟ. ಇಲ್ಲೂ ನೀರು ಬೀಳದಿದ್ದರೆ ಈ ಕಡೆ ಅವನನ್ನು ಇನ್ನು ಯಾರೂ ಕರೆಯುವುದಿಲ್ಲ. ಅದು ಅವನಿಗೂ ಗೊತ್ತಿತ್ತು.

ಗೂಟಗಳ ಸಾಲು ದಿಬ್ಬ ಇಳಿದು, ತಗ್ಗು ದಾಟಿ, ಆಚೆ ಏರಿತ್ತು. ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲಿ ಬಣ್ಣದ ಚಿತ್ರ ಬಂತು. ತಗ್ಗಿನ ಕೆಳಗೆ ನೀಲಿ.

"ನೋಡ್ರಿ ದತ್ತಪ್ಪಣ್ಣ, ನೀರಿನ ಖಜಾನಾ!" ಎಂದ ಹುಸೇನ.

ಆದರೆ ಚಿತ್ರದಲ್ಲಿ ನೆಲದ ಗೆರೆ ಮೇಜಿನಂತೆ ಸಪಾಟಾಗಿತ್ತು. ಪಕ್ಕದಲ್ಲಿ ಇಪ್ಪತ್ನಾಲ್ಕು ಸೊನ್ನೆ.

"ಈ ಸೊನ್ನಿ ಏನೋ?" ಎಂದೆ.

"ಗೂಟದ ಎತ್ತರ, ಆಯಿ." ಅಜ್ಜಿಯ ವಯಸ್ಸಿನ ನನ್ನನ್ನು ಹುಸೇನ ಆಯಿ ಎನ್ನುತ್ತಾನೆ.

"ನಮ್ಮ ಹೊಲಕ್ಕ ರೋಲರ್ ಹೊಡಿಸೀಯೇನು? ಮುಂಜಾನೆ ದಿಬ್ಬ ಇಳಿಯಾಗ ಎರಡು ಸಲ ಜಾರಿ ಬಿದ್ದಿ."

ದತ್ತಪ್ಪ ನಕ್ಕ. ಹುಸೇನ ತಲೆ ಹಿಡಿದುಕೊಂಡ. "ತಗ್ಗಿನ್ಯಾಗ ಕರೆಂಟ್ ಒಂದೇ ಕಡಿ ಕೂಡತದ ಆಯಿ. ನೆಲ ಸಪಾಟ ಅಂತ ಸುಳ್ಳು ಹೇಳಿದ್ರ ಕಂಪ್ಯೂಟರ್ ಅದನ್ನೇ ನೀರು ಅಂತದ. ಅಳೆಯೋ ಬ್ಯಾಸರಕ್ಕ ನಾ ಯಾವಾಗಲೂ ಸೊನ್ನೀನೇ ಹಾಕ್ತಿದ್ದೆ."

ನನ್ನ ಗಂಡ ಗೌಂಡಿಯಾಗಿದ್ದರು. ಪಾಯದ ಮಟ್ಟ ನೋಡಲು ಅವರು ಹಿಡಿಯುತ್ತಿದ್ದ, ನೀರು ತುಂಬುವ ಪಾರದರ್ಶಕ ಪೈಪು ಮನೆಯಲ್ಲಿತ್ತು. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅದನ್ನು ತಂದು ಗೂಟದಿಂದ ಗೂಟಕ್ಕೆ ಹಿಡಿದು ಏರಿಳಿತ ಅಳೆದೆವು. ತಗ್ಗು ದಿಬ್ಬಕ್ಕಿಂತ ಹನ್ನೊಂದು ಅಡಿ ನಾಲ್ಕು ಅಂಗುಲ ಕೆಳಗಿತ್ತು. ಹುಸೇನ ಹನ್ನೊಂದು ಬರೆದು ಮುಂದೆ ಹೊರಟ. ನಾಲ್ಕು ಅಂಗುಲವನ್ನೂ ಬರೆಸಿದೆ.

ಎತ್ತರ ಸೇರಿಸಿ ಮತ್ತೆ ಲೆಕ್ಕ ಹಾಕಿಸಿದಾಗ ತಗ್ಗಿನ ನೀಲಿ ಕರಗಿಹೋಯಿತು. ಆಚೆ ಏರಿನಲ್ಲಿ, ಹದಿನೆಂಟನೆಯ ಗೂಟದ ಕೆಳಗೆ, ಅಂಗೈಯಗಲದ ನೀಲಿ ಉಳಿಯಿತು.

"ಏರಿನ ಮ್ಯಾಲ ಬೋರ್ ಹೊಡದ್ರ ಊರು ನಗತದ" ಎಂದ ದತ್ತಪ್ಪ.

"ನಗಲಿ ಅಣ್ಣಾ. ತಗ್ಗಿನ್ಯಾಗ ಹೊಡದ್ರ ನಾ ಅಳಬೇಕಾಗತದ."

ಮರುದಿನ ಬೋರಿನ ಲಾರಿ ಏರಿನ ಮೇಲೆ ನಿಂತಿತು. ಇನ್ನೂರ ಹತ್ತು ಅಡಿಗೆ ಕೆಸರು, ಇನ್ನೂರ ಮೂವತ್ತಕ್ಕೆ ನೀರು, ಎರಡೂವರೆ ಇಂಚಿನ ಧಾರೆ. ಬೈಕ್ ನಿಲ್ಲಿಸಿ ನೋಡುತ್ತಿದ್ದ ಮಹಾಗಾಂವದ ರೈತನೊಬ್ಬ ಹುಸೇನನ ಹತ್ತಿರ ಬಂದ.

"ನಮ್ಮ ಹೊಲಕ್ಕ ಯಾವಾಗ ಬರ್ತೀರಿ?"

"ನಾಡಿದ್ದು ಬರ್ತೀನ್ರೀ. ಏರಿಳಿತ ಎಷ್ಟದ, ಮೊದಲ ಹೇಳ್ರಿ."

"ಏನಿಲ್ರೀ, ಪೂರಾ ಸಪಾಟ."

"ಎಲ್ಲಾರೂ ಹಂಗೇ ಅಂತಾರ್ರೀ" ಎಂದ ಹುಸೇನ, ಬಹಳ ಗಂಭೀರವಾಗಿ.