ದೇವರ ಮೀನು ತೋರಿಸಲು ಹೊರಟ ದಿನ

ಅರವತ್ತರ ದಶಕದ ಆರಂಭದಲ್ಲಿ ನಾನು ಶಿವಮೊಗ್ಗದ ಪತ್ರಿಕೆಯೊಂದರ ವರದಿಗಾರನಾಗಿದ್ದೆ. ಭದ್ರಾವತಿಯ ಆಚೆ, ಭದ್ರೆಯನ್ನು ಸೇರುವ ಹಳ್ಳವೊಂದಕ್ಕೆ ಅಣೆಕಟ್ಟು ಕಟ್ಟುವ ಮಾತು ಎದ್ದಿತ್ತು. ಕೆಳಗಿನ ಗದ್ದೆಗಳಿಗೆ ನೀರು ಬೇಕಿತ್ತು, ಅದು ಸುಳ್ಳಲ್ಲ. ಆದರೆ ಅಣೆಕಟ್ಟಿನ ಗೋಡೆಗೆ ಗುರುತು ಮಾಡಿದ್ದ ಬಂಡೆಗಳ ಕೆಳಗೇ ಒಂದು ಮಡುವಿತ್ತು. ಅದರ ಮೀನುಗಳು ಊರಿನವರಿಗೆ ದೇವರ ಮೀನು. ಯಾರೂ ಹಿಡಿಯುತ್ತಿರಲಿಲ್ಲ, ಹರಕೆಯ ಅಕ್ಕಿ ಹಾಕುತ್ತಿದ್ದರು. ಮೊದಲ ಮಳೆಗೆ ಅವು ಹಳ್ಳ ಹತ್ತಿ, ಮೇಲಿನ ಮರಳಿನಲ್ಲಿ ಮೊಟ್ಟೆಯಿಡುತ್ತಿದ್ದವು. ಗೋಡೆ ಎದ್ದರೆ ಆ ದಾರಿ ಮುಚ್ಚುತ್ತಿತ್ತು.

ಊರಿನ ಪಟೇಲರು ಆಕ್ಷೇಪ ಸಲ್ಲಿಸಿದರು. ಅಂಥ ಮೀನು ನಿಜಕ್ಕೂ ಇದೆಯೇ ಎಂದು ನೋಡಿಬರಲು ನೀರಾವರಿ ಇಲಾಖೆಯವರು ಒಬ್ಬ ಎಂಜಿನಿಯರನ್ನು ಕಳುಹಿಸಿದರು. ಅವರ ಜೀಪಿನಲ್ಲಿ ನಾನೂ ಹೋದೆ.

ನಾವು ಇಳಿಯುತ್ತಿದ್ದಂತೆ ಡೋಲು ಬಾರಿಸಿದರು, ಹಾರ ಹಾಕಿದರು. ಮಡುವಿನ ದಡದಲ್ಲೇ ಮೂರು ಗರ್ನಾಲು ಸಿಡಿಸಿದರು. ಬಂಡೆಗಳು ಅದುರಿದವು. ಆಮೇಲೆ ಪಟೇಲರು ಅಕ್ಕಿ ಎರಚಿದರು. ಅಕ್ಕಿ ಮುಳುಗಿತು, ಒಂದು ಮೀನೂ ಏಳಲಿಲ್ಲ.

"ಎಲ್ಲಿ ಪಟೇಲರೇ?" ಎಂದರು ಎಂಜಿನಿಯರು.

"ಇದಾವೆ ಸ್ವಾಮಿ. ಸದ್ದಿಗೆ ಹೆದರಿ ಕೆಳಗಿಳಿದಿದಾವೆ."

"ನಾನು ಕಂಡಿದ್ದನ್ನ ಮಾತ್ರ ಬರೀಬಹುದು, ನೋಡಿ."

ಹಿಂದೆ ನಿಂತಿದ್ದ ಪಟೇಲರ ಅಕ್ಕನಿಗೆ ತಡೆಯಲಾಗಲಿಲ್ಲ. "ಅಲ್ಲ ಮಾರಾಯ, ಕಟ್ಟೆ ಬೇಡ ಅನ್ನೋಕೆ ಕರೆಸಿದೋರಿಗೆ ಯಾರಾದ್ರೂ ಗರ್ನಾಲು ಹೊಡೀತಾರಾ?"

"ಜಗಳ ಬೇರೆ, ಮರ್ಯಾದೆ ಬೇರೆ ಕಣಕ್ಕಾ," ಎಂದರು ಪಟೇಲರು.

ಊಟ ಮುಗಿಯುವವರೆಗೆ ಇರುತ್ತೇನೆ ಎಂದು ಎಂಜಿನಿಯರು ಒಪ್ಪಿದರು. ಮಡುವಿನ ದಡದಲ್ಲೇ ಎಲೆ ಹಾಕಿದರು. ಯಾರೂ ಮಾತಾಡಕೂಡದೆಂದು ಪಟೇಲರು ಕೈಸನ್ನೆ ಮಾಡಿದರು. ಬಡಿಸುವವರು ಹೆಜ್ಜೆ ಸದ್ದಾಗದಂತೆ ನಡೆದರು. ಎಂಜಿನಿಯರು ಅನ್ನ ಕಲಸುತ್ತಿದ್ದರು, ಊರೆಲ್ಲ ನೀರು ನೋಡುತ್ತಿತ್ತು. ಸಾರಿನ ಅನ್ನ ಮುಗಿಯಿತು. ಪಟೇಲರು ತಾವೇ ಬಂದು, ಬೇಡವೆಂದರೂ ಎರಡನೇ ಸಲ ಪಾಯಸ ಬಡಿಸಿದರು. ಮಜ್ಜಿಗೆ ಬಂದಾಗ ನಾನೂ ಎಲೆ ಬಿಟ್ಟು ನೀರನ್ನೇ ನೋಡುತ್ತಿದ್ದೆ.

ಕೈ ತೊಳೆಯಲು ಎಂಜಿನಿಯರು ಎದ್ದಾಗ, ಎದುರು ಬಂಡೆಯ ನೆರಳಿನಲ್ಲಿ ಒಂದು ಕಪ್ಪು ಬೆನ್ನು ಕಾಣಿಸಿತು. ಅದರ ಹಿಂದೆ ಇನ್ನೊಂದು. ಅಕ್ಕ ಎಂಜಿನಿಯರರ ಅಂಗೈಗೆ ಅಕ್ಕಿ ಹಾಕಿದರು. ಅವರು ಎರಚಿದರು. ತೋಳುದ್ದದ ಮೀನುಗಳು ನೀರನ್ನು ಕದಡಿ ಎದ್ದವು. ಅವರು ಬಹಳ ಹೊತ್ತು ನೋಡುತ್ತಾ ನಿಂತರು.

"ಇವು ಬೇರೆ ಕಡೆ ಹೋಗೋಕಾಗಲ್ವಾ?"

"ನಿಮ್ ಕಟ್ಟೆಗೆ ಆಗಲ್ವಾ ಸ್ವಾಮಿ?" ಎಂದರು ಪಟೇಲರು.

ಎಂಜಿನಿಯರು ಜೀಪಿನತ್ತ ನಡೆದರು. ಮರಳುವಾಗ ಭದ್ರಾವತಿಯ ಕಾರ್ಖಾನೆಯ ಹೊಗೆ ಕಾಣಿಸಿದ ಮೇಲೆ, ಕಟ್ಟೆಗೆ ಬೇರೆ ಜಾಗವನ್ನೂ ಅಳೆಯುವಂತೆ ಬರೆಯುತ್ತೇನೆ ಎಂದರು. "ಆದ್ರೆ ನೀವು ಪೇಪರಿಗೆ ಹಾಕ್ಬೇಡಿ. ಮೇಲಿನೋರು ಒಪ್ಪಬೇಕು."

ಹಾಗಾಗಿ ನಾನು ಬರೆದದ್ದು ಇಷ್ಟೇ: ಮಡುವಿನಲ್ಲಿ ಮೀನು ಕಂಡವು, ಅಣೆಕಟ್ಟಿನ ಬಗ್ಗೆ ತೀರ್ಮಾನವಾಗಿಲ್ಲ.

ಮುಂದಿನ ವಾರ ಪಟೇಲರು ಪತ್ರಿಕೆ ಮಡಚಿಕೊಂಡು ನಮ್ಮ ಕಚೇರಿಗೆ ಬಂದರು. "ತೀರ್ಮಾನ ಆಗಿಲ್ಲ ಅಂದ್ರೆ ಒಳ್ಳೇದಾ, ಕೆಟ್ಟದ್ದಾ?"

"ಆಗಿಲ್ಲ ಅಂತ ಅಷ್ಟೇ ಪಟೇಲರೇ."

ಅವರು ಕಿಟಕಿಯಾಚೆ ಮೋಡ ನೋಡಿದರು. "ಈ ಸಲದ ಮಳೆಗಂತೂ ಮೀನು ಹಳ್ಳ ಹತ್ತುತ್ವೆ," ಎಂದು ಎದ್ದು, ಬಸ್ಸಿಗೆ ಹೊರಟರು.